ಎನ್‌ಎಚ್-4: ಗಡಿಗಿಂತ ಹಳೆಯ ರಸ್ತೆ

ಪುಣೆಯಲ್ಲಿ ನೆಲೆಸಿರುವ ಹುಬ್ಬಳ್ಳಿ, ಹಾವೇರಿ ಕಡೆಯವರಿಗೆ ಊರಿನ ದಾರಿ ಅಂದರೆ ಇವತ್ತಿಗೂ ಎನ್‌ಎಚ್-4. ಆ ನಂಬರ್ ಹೋಗಿ ವರ್ಷಗಳೇ ಆದವು. 2010ರಲ್ಲಿ ಕೇಂದ್ರ ಸರ್ಕಾರ ಹೆದ್ದಾರಿಗಳಿಗೆ ಹೊಸ ನಂಬರ್ ಕೊಟ್ಟಾಗ, ಬೆಂಗಳೂರಿನವರೆಗಿನ ಈ ರಸ್ತೆ ದೆಹಲಿ–ಚೆನ್ನೈ ನಡುವಿನ 48ನೇ ಹೆದ್ದಾರಿಗೆ ಸೇರಿಹೋಯಿತು. 4 ಅನ್ನುವ ನಂಬರ್ ಈಗ ಅಂಡಮಾನ್‌ನ ರಸ್ತೆಯದ್ದು. ಬೆಳಗಾವಿ, ಧಾರವಾಡ, ದಾವಣಗೆರೆಯ ಒಳಗೆ ಉಳಿದ ಹಳೇ ರಸ್ತೆ ಮಾತ್ರ ಜನರ ಬಾಯಲ್ಲಿ ಪಿ.ಬಿ. ರೋಡ್ ಆಗಿಯೇ ಇದೆ. ಪುಣೆ–ಬೆಂಗಳೂರು ರೋಡ್.

ಈಗಿನ ಗಡಿಗಿಂತ ಈ ದಾರಿ ಬಹಳ ಹಳೆಯದು. ಮುಂಬೈ–ಪುಣೆ ನಡುವಿನ ಬೋರ್ ಘಾಟ್‌ನಲ್ಲಿ ಗಾಡಿ ರಸ್ತೆ ಆದದ್ದು 1830ರಲ್ಲಿ. ಹರಿಹರದಲ್ಲಿ ತುಂಗಭದ್ರೆಗೆ ಸೇತುವೆ ಬಂದದ್ದು 1868ರಲ್ಲಿ. ಆಗ ಪುಣೆಯಿಂದ ಹೊರಟರೆ ಆ ಹೊಳೆ ದಾಟುವವರೆಗೂ, ಕೊಲ್ಹಾಪುರದಂಥ ಸಂಸ್ಥಾನಗಳ ನೆಲ ಬಿಟ್ಟರೆ, ಎಲ್ಲವೂ ಮುಂಬೈ ಪ್ರಾಂತ್ಯವೇ. ಹೊಳೆಯಾಚೆ ಮೈಸೂರು. ಧಾರವಾಡದ ಹುಡುಗ ಓದಲು ಪುಣೆಗೆ ಬಂದರೆ ಬೇರೆ ರಾಜ್ಯಕ್ಕೆ ಬಂದಂತೆ ಆಗುತ್ತಿರಲಿಲ್ಲ. ಬೇಂದ್ರೆ ಬಿ.ಎ. ಓದಿದ್ದು ಇಲ್ಲಿನ ಫರ್ಗ್ಯುಸನ್ ಕಾಲೇಜಿನಲ್ಲೇ ಅಲ್ವಾ?

1956ರ ನವೆಂಬರ್ 1ರಂದು ಬೆಳಗಾವಿ, ಧಾರವಾಡ ಮೈಸೂರು ರಾಜ್ಯಕ್ಕೆ ಸೇರಿದವು. ಗಡಿ ತುಂಗಭದ್ರೆ ಬಿಟ್ಟು ಕಾಗಲ್–ನಿಪ್ಪಾಣಿ ನಡುವಿನ ಕೊಗನೊಳ್ಳಿಗೆ ಬಂತು. ಅಂದಿನಿಂದ ಗಡಿ ಜಗಳದ ಪೆಟ್ಟು ಮೊದಲು ಬೀಳುವುದು ಈ ರಸ್ತೆಯ ಮೇಲೆ. 2022ರ ಡಿಸೆಂಬರ್‌ನಲ್ಲಿ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಬೆಳಗಾವಿ ಹತ್ತಿರದ ಹಿರೇಬಾಗೇವಾಡಿ ಟೋಲ್‌ನಲ್ಲಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು. ಬಸ್ ನಿಂತಾಗ ಪೇಚಿಗೆ ಸಿಕ್ಕವರು ಊರಿಗೆ ಹೊರಟ ಕೂಲಿಯವರು, ಆಸ್ಪತ್ರೆಗೆ ಬಂದವರು. ಅವರಿಗೂ ಈ ಜಗಳಕ್ಕೂ ಏನು ಸಂಬಂಧ?

ಇನ್ನೊಂದು ದೊಡ್ಡ ಬದಲಾವಣೆ ತಂದದ್ದು ವಾಜಪೇಯಿ ಕಾಲದ ಸುವರ್ಣ ಚತುಷ್ಪಥ, ಅಂದರೆ ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತ ಜೋಡಿಸುವ ಹೆದ್ದಾರಿ ಯೋಜನೆ. ಮುಂಬೈ–ಚೆನ್ನೈ ದಾರಿ ನಾಲ್ಕು ಲೇನ್ ಆಯಿತು, ಊರೂರಿಗೆ ಬೈಪಾಸ್ ಬಂತು. ಪ್ರಯಾಣ ಹಗುರಾಯಿತು, ನಿಜ. ಆದರೆ ಕೆಲಸ ಎಲ್ಲ ಕಡೆ ಒಂದೇ ಸಮ ಆಗಲಿಲ್ಲ. ಹುಬ್ಬಳ್ಳಿ–ಧಾರವಾಡ ಬೈಪಾಸ್ ಬೇರೆ ಟೋಲ್ ಗುತ್ತಿಗೆಯಲ್ಲಿತ್ತು. ಎರಡೂ ತುದಿಯಲ್ಲಿ ಅಗಲ ರಸ್ತೆ, ನಡುವೆ ಸುಮಾರು 30 ಕಿಲೋಮೀಟರ್ ಬರೀ ಎರಡು ಲೇನ್, ಡಿವೈಡರ್ ಇಲ್ಲ. ವೇಗವಾಗಿ ಬಂದ ಗಾಡಿಗಳು ಅಲ್ಲಿ ಎದುರುಬದುರಾಗುತ್ತಿದ್ದವು. 2021ರ ಜನವರಿಯಲ್ಲಿ ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರ ಟೆಂಪೊ ಟ್ರಾವೆಲರ್ ಇಟಿಗಟ್ಟಿ ಹತ್ತಿರ ಟಿಪ್ಪರ್‌ಗೆ ಡಿಕ್ಕಿಯಾಗಿ ಹತ್ತಕ್ಕೂ ಜಾಸ್ತಿ ಜನ ಸತ್ತರು. ರಸ್ತೆ ಅಗಲ ಮಾಡುವ ಕೆಲಸ ಶುರುವಾದದ್ದು ಅದಾದ ಮೇಲೆ.

ಪುಣೆಯ ಬಾಗಿಲಲ್ಲೇ ಇಂಥದ್ದೇ ಇನ್ನೊಂದು ಜಾಗ ಇದೆ. ಕಾತ್ರಜ್‌ನ ಹೊಸ ಸುರಂಗ ದಾಟಿದರೆ ನವಲೆ ಬ್ರಿಜ್‌ವರೆಗೂ ಉದ್ದಕ್ಕೂ ಇಳಿಜಾರು. ಡೀಸೆಲ್ ಉಳಿಸಲು ಕೆಲವು ಲಾರಿಗಳು ನ್ಯೂಟ್ರಲ್‌ನಲ್ಲಿ ಇಳಿಯುತ್ತವೆ. ಲೋಡ್ ಜೋರಿದ್ದು ಬ್ರೇಕ್ ಹಿಡಿಯದಿದ್ದರೆ ಕೆಳಗೆ ನಿಂತ ಕಾರು, ರಿಕ್ಷಾಗಳ ಮೇಲೇ ಹೋಗಿ ನುಗ್ಗುತ್ತವೆ. ಸ್ಪೀಡ್ ಕ್ಯಾಮೆರಾ, ವೇಗ ತಗ್ಗಿಸುವ ಉಬ್ಬುಪಟ್ಟಿ (ರಂಬ್ಲರ್) ಹಾಕಿದ ಮೇಲೂ ಅಪಘಾತ ನಿಂತಿಲ್ಲ. ಇಳಿಜಾರನ್ನೇ ಸರಿಮಾಡಬೇಕು, ಊರಿನ ಗಾಡಿಗಳಿಗೆ ಪೂರ್ತಿ ಸರ್ವಿಸ್ ರಸ್ತೆ ಬೇಕು.