ಕತ್ತಿನ ಲೈನನ್ನು ವಾರಕ್ಕೊಮ್ಮೆ ಬದಲಾಯಿಸಬೇಕಾ?

ಪ್ರಶ್ನೆ: ಅಪ್ಪ ಐಸಿಯುನಲ್ಲಿದ್ದಾರೆ. ಕತ್ತಿಗೆ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳದೊಳಗೆ ಬಿಟ್ಟು ಔಷಧಿ ಕೊಡುವ ಟ್ಯೂಬ್) ಹಾಕಿ ಒಂಬತ್ತು ದಿನ ಆಯಿತು. ಏಳು ದಿನಕ್ಕೊಮ್ಮೆ ಹೊಸದು ಹಾಕದಿದ್ದರೆ ಇನ್‌ಫೆಕ್ಷನ್ ಆಗುತ್ತದೆ ಅಂತ ಎಲ್ಲರೂ ಹೇಳುತ್ತಿದ್ದಾರೆ. ಡಾಕ್ಟರನ್ನು ಕೇಳಿದರೆ ‘ಈಗ ಬೇಡ’ ಅನ್ನುತ್ತಾರೆ. ಇದು ನಿರ್ಲಕ್ಷ್ಯ ಅಲ್ವಾ?

ಅಲ್ಲ. ನೀವು ಬರೆದಿರುವಷ್ಟನ್ನೇ ನೋಡಿದರೆ ಡಾಕ್ಟರು ಸರಿಯಾಗಿಯೇ ಹೇಳಿದ್ದಾರೆ.

ಉತ್ತರ ಇಷ್ಟೇ. ಆದರೆ ಇಷ್ಟಕ್ಕೆ ಯಾರೂ ಬಿಡುವುದಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಇದನ್ನು ಪೇಷಂಟಿನ ಮಕ್ಕಳು ಕೇಳಿದ್ದಾರೆ, ಅಳಿಯಂದಿರು ಕೇಳಿದ್ದಾರೆ, ಹೊಸದಾಗಿ ಐಸಿಯು ಡ್ಯೂಟಿಗೆ ಬಂದ ಜೂನಿಯರ್ ಡಾಕ್ಟರುಗಳೂ ಕೇಳಿದ್ದಾರೆ. ಅದಕ್ಕೇ ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಈ ‘ಏಳು ದಿನ’ ಎಲ್ಲಿಂದ ಬಂತು ನೋಡಿ. ಲೈನಿನ ಮೇಲೆ ಗಾಜಿನ ಹಾಗೆ ಕಾಣುವ ಡ್ರೆಸ್ಸಿಂಗ್ ಅಂಟಿಸಿರುತ್ತಾರಲ್ಲ, ಅದನ್ನು ಹೆಚ್ಚೆಂದರೆ ಏಳು ದಿನಕ್ಕೆ ಬದಲಾಯಿಸಬೇಕು. ಬಟ್ಟೆಯ ಡ್ರೆಸ್ಸಿಂಗ್ ಆದರೆ ಎರಡು ದಿನಕ್ಕೆ. ಒದ್ದೆಯಾದರೆ, ಅಂಚು ಎದ್ದುಬಂದರೆ, ಆಗಲೇ. ನರ್ಸ್ ಅದರ ಮೇಲೆ ಪೆನ್ನಿನಲ್ಲಿ ತಾರೀಕು ಬರೆದಿರುತ್ತಾರೆ. ಆ ತಾರೀಕು ಡ್ರೆಸ್ಸಿಂಗಿನದು, ಲೈನಿನದಲ್ಲ. ಜೊತೆಗೆ, ಕೈಗೆ ಹಾಕುವ ಸಣ್ಣ ಕ್ಯಾನ್ಯುಲಾವನ್ನು ಮೂರ್ನಾಲ್ಕು ದಿನಕ್ಕೆ ಬದಲಾಯಿಸುವ ರೂಢಿ ಬಹಳ ಕಡೆ ಇದೆ. ಇವೆರಡೂ ಕಲಸಿಕೊಂಡು ಈ ನಂಬಿಕೆ ಹುಟ್ಟಿತು ಅಂತ ನನ್ನ ಅನುಮಾನ.

ಕೇಳುವುದಕ್ಕೇನೋ ಸರಿ ಅನ್ನಿಸುತ್ತದೆ. ಹಳೇ ಟ್ಯೂಬಿನಲ್ಲಿ ಬ್ಯಾಕ್ಟೀರಿಯಾ ಕೂರುತ್ತವೆ, ಹೊಸದು ಹಾಕಿದರೆ ಕ್ಲೀನ್. ಆದರೆ ಹೊಸದು ಒಳಗೆ ಹೋಗುವುದು ಹೇಗೆ ಅಂತ ಯಾರೂ ಯೋಚಿಸುವುದಿಲ್ಲ.

1953ರಲ್ಲಿ ಸ್ವೀಡನ್ನಿನ ರೇಡಿಯಾಲಜಿಸ್ಟ್ ಸೆಲ್ಡಿಂಗರ್ ಪ್ರಕಟಿಸಿದ ವಿಧಾನವನ್ನೇ ನಾವು ಇವತ್ತಿಗೂ ಬಳಸುವುದು. ಸೂಜಿ ಚುಚ್ಚಿ, ಕಪ್ಪು ರಕ್ತ ಸಿರಿಂಜಿಗೆ ಬಂದಾಗ ಸಿರಿಂಜು ತೆಗೆದು, ಸೂಜಿಯೊಳಗಿಂದ ತೆಳ್ಳಗಿನ ವೈರ್ ಬಿಡುತ್ತೇವೆ. ಸೂಜಿ ಹೊರಗೆ, ವೈರ್ ಒಳಗೆ. ಆ ವೈರಿನ ಮೇಲೆ ಡೈಲೇಟರ್ ತೂರಿಸಿ ದಾರಿ ಅಗಲ ಮಾಡಿ, ಆಮೇಲೆ ಕ್ಯಾಥೆಟರ್, ಅಂದರೆ ಲೈನಿನ ಟ್ಯೂಬ್. ಅಷ್ಟೂ ಹೊತ್ತು ವೈರಿನ ತುದಿ ಕೈಯಲ್ಲೇ ಇರಬೇಕು. ಕೈಬಿಟ್ಟರೆ ಅದು ಒಳಗೇ ಜಾರಿ ಹೋಗಬಹುದು. ಪಕ್ಕದಲ್ಲೇ ಮಿದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ಧಮನಿ ಮಿಡಿಯುತ್ತಿರುತ್ತದೆ. ಸ್ವಲ್ಪ ಕೆಳಗೆ ಶ್ವಾಸಕೋಶದ ತುದಿ. ಸೂಜಿ ಅದಕ್ಕೆ ತಾಗಿದರೆ ಗಾಳಿ ಎದೆಗೂಡಿನೊಳಗೆ ಸೋರಿ ಶ್ವಾಸಕೋಶ ಕುಗ್ಗುತ್ತದೆ. ಅಲ್ಟ್ರಾಸೌಂಡ್ ಬಂದ ಮೇಲೆ ಈ ಭಯ ಕಡಿಮೆಯಾಗಿದೆ, ಹೋಗಿಲ್ಲ. ಇಷ್ಟನ್ನೂ ಏನೂ ತೊಂದರೆ ಇಲ್ಲದ ಲೈನಿಗೋಸ್ಕರ ವಾರವಾರ ಮಾಡಬೇಕಾ?

‘ಹೊಸದಾಗಿ ಚುಚ್ಚಬೇಡಿ, ಅದೇ ತೂತಿನಲ್ಲಿ ವೈರ್ ಬಿಟ್ಟು ಟ್ಯೂಬ್ ಮಾತ್ರ ಬದಲಾಯಿಸಿ’ ಅನ್ನುವ ಜಾಣರೂ ಇದ್ದಾರೆ. ಅದನ್ನೂ ಪರೀಕ್ಷೆ ಮಾಡಿ ನೋಡಿಯಾಗಿದೆ. 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆಲವರಿಗೆ ಮೂರು ದಿನಕ್ಕೊಮ್ಮೆ ಲೈನ್ ಬದಲಾಯಿಸಿದರು, ಉಳಿದವರಿಗೆ ಬೇಕಾದಾಗ ಮಾತ್ರ. ಬದಲಾಯಿಸಿದ್ದರಿಂದ ಇನ್‌ಫೆಕ್ಷನ್ ಕಡಿಮೆಯಾಗಲಿಲ್ಲ. ಹೊಸ ಜಾಗದಲ್ಲಿ ಚುಚ್ಚಿದವರಿಗೆ ಚುಚ್ಚುವಾಗಿನ ಅಪಾಯಗಳು ಜಾಸ್ತಿಯಾದವು. ಹಳೇ ತೂತಿನಲ್ಲೇ ವೈರ್ ಬಿಟ್ಟು ಬದಲಾಯಿಸಿದವರಿಗೆ ರಕ್ತದ ಸೋಂಕೇ ಜಾಸ್ತಿಯಾಯಿತು! ಅಷ್ಟು ಹಿಂದೆಯೇ ತೀರ್ಮಾನವಾದ ವಿಷಯಕ್ಕೆ ನಾನು ಇವತ್ತೂ ಉತ್ತರ ಬರೆಯುತ್ತಾ ಕೂತಿದ್ದೇನೆ.

ಹಾಗಾದರೆ ಇನ್‌ಫೆಕ್ಷನ್ ತಡೆಯುವುದು ಯಾವುದು? 2006ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳ ಫಲಿತಾಂಶ ಪ್ರಕಟವಾಯಿತು. ಅವರು ಪಟ್ಟು ಹಿಡಿದು ಮಾಡಿದ್ದು ಐದೇ ಕೆಲಸ. ಕೈ ತೊಳೆಯುವುದು, ಲೈನ್ ಹಾಕುವಾಗ ಗೌನು, ಮಾಸ್ಕು, ದೊಡ್ಡ ಹೊದಿಕೆ ಎಲ್ಲ ಬಳಸುವುದು, ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಾಶಕ ಹಚ್ಚುವುದು, ಆದಷ್ಟು ತೊಡೆಸಂದಿಯಲ್ಲಿ ಲೈನ್ ಹಾಕದಿರುವುದು, ಬೇಡವಾದ ಲೈನ್ ತೆಗೆದುಹಾಕುವುದು. ಲೈನುಗಳು ದೇಹದಲ್ಲಿದ್ದ ಪ್ರತಿ 1000 ದಿನಕ್ಕೆ ರಕ್ತದ ಸೋಂಕಿನ ಮಧ್ಯಾಂಕ (ಐಸಿಯುಗಳ ಅಂಕಿಗಳನ್ನು ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬರುವ ಅಂಕಿ) 2.7 ಇದ್ದದ್ದು ಮೂರೇ ತಿಂಗಳಲ್ಲಿ ಸೊನ್ನೆಗೆ ಇಳಿಯಿತು. ಈ ಐದರಲ್ಲಿ ವಾರಕ್ಕೊಮ್ಮೆ ಬದಲಾಯಿಸುವ ಮಾತೇ ಇಲ್ಲ.

ನಿಮಗೆ ಏನಾದರೂ ನೋಡಲೇಬೇಕು ಅನ್ನಿಸಿದರೆ, ಔಷಧಿ ಕೊಡುವ ಮುಂಚೆ ನರ್ಸ್ ಲೈನಿನ ಬಾಯಿಯನ್ನು ಸ್ಪಿರಿಟ್ ಹತ್ತಿಯಿಂದ ಗಸಗಸ ಉಜ್ಜುತ್ತಾರಾ ನೋಡಿ. ಸುಮ್ನೆ ಸವರಿದರೆ ಸಾಲದು, ಉಜ್ಜಿ ಒಣಗಲು ಬಿಡಬೇಕು. ‘ಲೈನ್ ಯಾವಾಗ ಬದಲಾಯಿಸುತ್ತೀರಿ’ ಅನ್ನುವ ಬದಲು ‘ಇವತ್ತು ಇದರ ಅವಶ್ಯಕತೆ ಇದೆಯಾ’ ಅಂತ ಡಾಕ್ಟರನ್ನು ಕೇಳಿ. ಆ ಪ್ರಶ್ನೆ ನನ್ನನ್ನು ದಿನಾ ಕೇಳಿದರೂ ನನಗೆ ಬೇಜಾರಿಲ್ಲ.

ಬದಲಾಯಿಸುವ ಸಂದರ್ಭಗಳೂ ಇವೆ ಅನ್ನಿ. ಚುಚ್ಚಿದ ಜಾಗದಲ್ಲಿ ಕೀವು ಬಂದರೆ, ಲೈನಿನಿಂದಲೇ ಸೋಂಕು ಬಂದಿದೆ ಎಂದು ಗೊತ್ತಾದರೆ, ಕಟ್ಟಿಕೊಂಡರೆ. ಜೀವ ಉಳಿಸುವ ಅವಸರದಲ್ಲಿ ಶುಚಿ ಪಾಲಿಸಲಾಗದೆ ಹಾಕಿದ ಲೈನಾದರೆ ಎರಡು ದಿನದೊಳಗೆ ತೆಗೆಯಬೇಕು. ಬರೀ ಜ್ವರ ಬಂತು ಅಂತ ಕಿತ್ತುಹಾಕುವುದಿಲ್ಲ. ಜ್ವರಕ್ಕೆ ಐಸಿಯುನಲ್ಲಿ ನೂರೆಂಟು ಕಾರಣ.

ಲೈನ್ ತೆಗೆಯುವ ಬಗ್ಗೆ ಯಾರೂ ಕೇಳುವುದಿಲ್ಲ. ಹಾಕುವಾಗ ಸಹಿ ಮಾಡುವಾಗ ಕೈ ನಡುಗುತ್ತದೆ, ತೆಗೆಯುವಾಗ ‘ಅಬ್ಬಾ, ಮುಗಿಯಿತು’ ಅಂತ ಎಲ್ಲರೂ ನಿರಾಳ. ಆದರೆ ನಾವು ಉಸಿರು ಎಳೆದಾಗ ಎದೆಯೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ಕತ್ತಿನಲ್ಲಿ ತೂತು ತೆರೆದಿದ್ದರೆ, ಗಾಳಿ ನೇರ ರಕ್ತಕ್ಕೆ ಎಳೆದುಕೊಂಡು ಹೋಗಬಹುದು. ಜಾಸ್ತಿ ಗಾಳಿ ಹೋದರೆ ಹೃದಯವೇ ನಿಲ್ಲಬಹುದು. ಅದಕ್ಕೇ ಪೇಷಂಟನ್ನು ಮಲಗಿಸಿ, ತಲೆ ತಗ್ಗಿಸಿ, ‘ಹ್ಞೂಂ ಅಂತ ಉದ್ದಕ್ಕೆ ಅನ್ನಿ’ ಎನ್ನುತ್ತೇವೆ. ಹಾಗೆ ಅನ್ನುತ್ತಿರುವಾಗ ಉಸಿರು ಒಳಗೆ ಎಳೆಯಲು ಆಗುವುದಿಲ್ಲ. ಆ ‘ಹ್ಞೂಂ’ ಮುಗಿಯುವುದರೊಳಗೆ ಟ್ಯೂಬ್ ಹೊರಗೆ ಬಂದಿರಬೇಕು, ಬೆರಳು ತೂತಿನ ಮೇಲೆ ಒತ್ತಿರಬೇಕು. ಆಮೇಲೆ ಗಾಳಿ ನುಸುಳದಂಥ ಡ್ರೆಸ್ಸಿಂಗ್.

ನಿಮ್ಮ ಅಪ್ಪನ ಲೈನ್ ತೆಗೆದ ದಿನ, ಇನ್ನೊಂದು ಅರ್ಧ ಗಂಟೆ ಮಲಗಿರಲಿ ಅಂತ ನರ್ಸ್ ಹೇಳುತ್ತಾರೆ. ಖುಷಿಯಲ್ಲಿ ತಕ್ಷಣ ಎಬ್ಬಿಸಿ ಕೂರಿಸಬೇಡಿ.