ಬಂದರಿನ ಬಿಲ್ಲಿನಲ್ಲಿ ಸಿಕ್ಕಿಬಿದ್ದ ಒಂದು &

ಮಂಗಳೂರಿನ ಬಂದರಿನಲ್ಲಿ ಗೇರುಬೀಜದ ಸಗಟು ವ್ಯಾಪಾರ ಮಾಡುವವರೊಬ್ಬರಿಗೆ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ದಿನದ ಬಿಲ್ಲುಗಳೆಲ್ಲ ಒಂದು ಎಕ್ಸ್‌ಎಂಎಲ್ ಫೈಲಾಗಿ (ಪ್ರತಿ ಮಾಹಿತಿಯ ಹಿಂದೆ ಮುಂದೆ ಅದರ ಹೆಸರಿನ ಗುರುತು, ಅಂದರೆ ಟ್ಯಾಗ್, ಹಾಕಿ ಬರೆಯುವ ರೀತಿ) ಅವರ ಲೆಕ್ಕದವರಿಗೆ ಹೋಗಬೇಕು. ಆರು ತಿಂಗಳು ಏನೂ ತೊಂದರೆ ಇರಲಿಲ್ಲ. ಒಂದು ಸಂಜೆ ಜೋರು ಮಳೆಯಲ್ಲಿ ಫೋನು: "ಎಂತ ಮಾರಾಯ್ರೆ, ಇವತ್ತಿನ ಫೈಲ್ ಓಪನ್ನೇ ಆಗುದಿಲ್ಲ ಅಂತಾರಲ್ಲ!"

ತೆರೆದು ನೋಡಿದರೆ ಈ ಎರಡು ಸಾಲು:

<ಸರಕು>ಗೋಡಂಬಿ & ದ್ರಾಕ್ಷಿ</ಸರಕು>
<ವಿವರ>ಡಬ್ಲ್ಯು 320, ತೇವಾಂಶ < 5%</ವಿವರ>

(ಓದಲು ಸುಲಭವಾಗಲಿ ಅಂತ ಟ್ಯಾಗುಗಳನ್ನು ಕನ್ನಡದಲ್ಲಿ ಹಾಕಿದ್ದೇನೆ. ಎಕ್ಸ್‌ಎಂಎಲ್‌ನಲ್ಲಿ ನಿಜಕ್ಕೂ ಹಾಗೆ ಇಡಬಹುದು.)

ಎಕ್ಸ್‌ಎಂಎಲ್ ಓದುವ ಪ್ರೋಗ್ರಾಮಿಗೆ, ಅಂದರೆ ಪಾರ್ಸರಿಗೆ, < ಅಂದರೆ ಟ್ಯಾಗ್ ಶುರು, & ಅಂದರೆ ಎಂಟಿಟಿ (ಅಕ್ಷರದ ಬದಲು ಬರೆಯುವ ಸಂಕೇತ) ಶುರು. ದ್ರಾಕ್ಷಿಯ ಹಿಂದಿನ & ಅದಕ್ಕೆ ಅರ್ಥವೇ ಆಗಲಿಲ್ಲ. ಎಚ್‌ಟಿಎಂಎಲ್ ಆಗಿದ್ದರೆ ಬ್ರೌಸರ್ ಹೇಗೋ ಸುಧಾರಿಸಿಕೊಳ್ಳುತ್ತಿತ್ತು. ಆದರೆ 1998ರಲ್ಲಿ ಬಂದ ಎಕ್ಸ್‌ಎಂಎಲ್ 1.0ರ ನಿಯಮ ಬೇರೆ. ಇಂಥ ಒಂದು ತಪ್ಪು ಸಿಕ್ಕಿದರೂ ಪಾರ್ಸರ್ ಅಲ್ಲೇ ನಿಲ್ಲಬೇಕು.

ತಪ್ಪು ನನ್ನದೇ. ಟ್ಯಾಗು, ಹೆಸರು, ಮತ್ತೆ ಟ್ಯಾಗು ಅಂತ ಸ್ಟ್ರಿಂಗುಗಳಿಗೆ (ಅಕ್ಷರಗಳ ಸಾಲುಗಳಿಗೆ) ಪ್ಲಸ್ ಹಾಕಿ, ಒಳಗೆ & ಅಥವಾ < ಇದೆಯಾ ಅಂತ ನೋಡದೆ ಜೋಡಿಸಿದ್ದೆ. ಅವತ್ತು ರಾತ್ರಿ ತೇಪೆಯನ್ನೂ ಹಾಕಿದೆ: ಮೊದಲು < ಇದ್ದಲ್ಲಿ &#60;, ಆಮೇಲೆ & ಇದ್ದಲ್ಲಿ &#38;. (60, 38 ಆ ಅಕ್ಷರಗಳ ನಂಬರು. ಹೀಗೆ ಬರೆದರೆ ಪಾರ್ಸರ್ ಅದನ್ನು ಬರೀ ಅಕ್ಷರ ಅಂತ ಓದುತ್ತದೆ.) ಎಡವಟ್ಟು ಕಾಣಿಸಿತಾ? ಮೊದಲ ರಿಪ್ಲೇಸ್ ಹಾಕಿದ &#60; ಒಳಗೂ ಒಂದು & ಇದೆ. ಎರಡನೆಯದು ಅದನ್ನೂ ಹಿಡಿದು &#38;#60; ಮಾಡಿಬಿಟ್ಟಿತು. ಫೈಲೇನೋ ತೆರೆಯಿತು, ವಿವರದಲ್ಲಿ ಮಾತ್ರ "ತೇವಾಂಶ &#60; 5%" ಅಂತ ಬಂತು. ಅಷ್ಟರಲ್ಲಿ ವ್ಯಾಪಾರಿಗಳು ತಮ್ಮದೇ ದಾರಿ ಹುಡುಕಿದ್ದರು. & ಬದಲು "ಮತ್ತು" ಬರೆಯಿರಿ ಅಂತ ಹುಡುಗರಿಗೆ ಹೇಳಿಯಾಗಿತ್ತು!

ಇದಕ್ಕೆಲ್ಲ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ ಲೈಬ್ರರಿ (ಸಿದ್ಧ ಕೋಡು) ಇದೆ. ಪೈಥಾನ್‌ನಲ್ಲಿ ಎಲಿಮೆಂಟ್‌ಟ್ರೀ, ಜಾವಾದಲ್ಲಿ ಎಕ್ಸ್‌ಎಂಎಲ್‌ಸ್ಟ್ರೀಮ್‌ರೈಟರ್, ಡಾಟ್‌ನೆಟ್‌ನಲ್ಲಿ ಎಕ್ಸ್‌ಎಂಎಲ್‌ರೈಟರ್. ಎಲಿಮೆಂಟ್‌ಟ್ರೀಯಲ್ಲಿ ನೀವು ಬರೆಯುವುದು ಟ್ಯಾಗನ್ನಲ್ಲ, ಮರವನ್ನು. ಬಿಲ್ ಅನ್ನುವ ಎಲಿಮೆಂಟ್ ಮಾಡಿ, ಅದರಡಿ ಸರಕು ಅನ್ನುವ ಸಬ್‌ಎಲಿಮೆಂಟ್, ಅದರ ಟೆಕ್ಸ್ಟ್‌ಗೆ "ಗೋಡಂಬಿ & ದ್ರಾಕ್ಷಿ" ಅಂತ ಇದ್ದ ಹಾಗೇ ಕೊಡಿ. ಬರೆಯುವಾಗ & ಎಸ್ಕೇಪ್ ಮಾಡುವುದು (ಅಂದರೆ ಸಂಕೇತಕ್ಕೆ ಬದಲಿಸುವುದು), ಟ್ಯಾಗ್ ಮುಚ್ಚುವುದು ಅದರ ಕೆಲಸ. ನೀವೂ ಮೊದಲೇ ಎಸ್ಕೇಪ್ ಮಾಡಿಕೊಟ್ಟರೆ ನನ್ನ ತೇಪೆಯ ಕತೆಯೇ ಮತ್ತೆ.

ಸಾಲುಗಳು ಒಳಸರಿದು ಚೆಂದ ಕಾಣಬೇಕಾದರೆ ಪೈಥಾನ್ 3.9ರಿಂದ ಇಂಡೆಂಟ್ ಫಂಕ್ಷನ್ ಇದೆ.

ನಮಗೆ ಜಾಸ್ತಿ ತಲೆಬಿಸಿ ಕೊಡುವುದು ಅಕ್ಷರಗಳನ್ನು ಫೈಲಿನಲ್ಲಿ ಇಡುವ ಸಂಕೇತ ಪದ್ಧತಿ, ಅಂದರೆ ಎನ್‌ಕೋಡಿಂಗ್. ಎಲಿಮೆಂಟ್‌ಟ್ರೀಯ ರೈಟ್ ಫಂಕ್ಷನ್ನಿಗೆ ಏನೂ ಹೇಳದಿದ್ದರೆ ಅದು ಕನ್ನಡ ಅಕ್ಷರಗಳೇ ಇಲ್ಲದ ಆಸ್ಕಿಯಲ್ಲಿ ಬರೆಯುತ್ತದೆ. ಆಗ "ಮಂಗ" ಅನ್ನುವುದು &#3246;&#3202;&#3223; ಆಗುತ್ತದೆ. ಪಾರ್ಸರಿಗೆ ಎರಡೂ ಒಂದೇ, ಹಾಳಾಗಿಲ್ಲ. ಆದರೆ ನೋಟ್‌ಪ್ಯಾಡಿನಲ್ಲಿ ತೆರೆದವರು ಗಾಬರಿಯಾಗುತ್ತಾರೆ. ಕನ್ನಡವೂ ಇರುವ ಯುಟಿಎಫ್-8 ಅಂತ ಹೇಳಿ, ಎಕ್ಸ್‌ಎಂಎಲ್ ಡಿಕ್ಲರೇಶನ್ (ಯಾವ ಎನ್‌ಕೋಡಿಂಗ್ ಅಂತ ಫೈಲಿನ ಶುರುವಲ್ಲೇ ಹೇಳುವ ಸಾಲು) ಕೂಡ ಕೇಳಿಕೊಳ್ಳಿ.

ಲೈಬ್ರರಿ ಎಲ್ಲವನ್ನೂ ಕಾಯುವುದಿಲ್ಲ. ವರ್ಡ್‌ನಿಂದ ಕಾಪಿ ಮಾಡಿದ ವಿಳಾಸದಲ್ಲಿ ಕೆಲವೊಮ್ಮೆ 11ನೇ ನಂಬರಿನ ಕಂಟ್ರೋಲ್ ಅಕ್ಷರ ಸೇರಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಎಕ್ಸ್‌ಎಂಎಲ್ 1.0ರಲ್ಲಿ ಅದಕ್ಕೆ ಜಾಗವೇ ಇಲ್ಲ, &#11; ಅಂತಲೂ ಬರೆಯುವಂತಿಲ್ಲ. ಎಲಿಮೆಂಟ್‌ಟ್ರೀ ಮಾತ್ರ ಸುಮ್ನೆ ಬರೆದುಬಿಡುತ್ತದೆ. ಹಾಗಾಗಿ ಡೇಟಾ ಒಳಗೆ ಬರುವಾಗಲೇ ಅಂಥವನ್ನು ಸೋಸುತ್ತೇನೆ. ಫೈಲ್ ಬರೆದ ಮೇಲೆ ಅದೇ ಪ್ರೋಗ್ರಾಂ ಅದನ್ನು ಒಮ್ಮೆ ಪಾರ್ಸ್ ಮಾಡಿ ನೋಡುತ್ತದೆ. ಆಗದಿದ್ದರೆ ಯಾವ ಸಾಲು ಅಂತ ಅಂಗಡಿಯ ಕಂಪ್ಯೂಟರಿನಲ್ಲೇ ತೋರಿಸುತ್ತದೆ, ಲೆಕ್ಕದವರ ಫೋನು ಬರುವ ಮೊದಲೇ.