ಅಚ್ಚಾದ ವಂಶಾವಳಿಯನ್ನು ಎಷ್ಟು ನಂಬಬೇಕು?

ಅಮೆರಿಕದ ಹಳೆಯ ಮನೆತನವೊಂದರ ಮೂಲ ಹುಡುಕಲು ಹೊರಟವರಿಗೆ ಮೊದಲು ಸಿಗುವುದು ಅಚ್ಚಾದ ಪುಸ್ತಕ. ನೂರು ವರ್ಷದ ಹಿಂದೆ ದೂರದ ಸಂಬಂಧಿಯೊಬ್ಬರು ಬರೆದ ಮನೆತನದ ಚರಿತ್ರೆ, ಇಲ್ಲವೇ ಅವರಿದ್ದ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ವಿಭಾಗದ, ಇತಿಹಾಸ. ಇಂಥ ಎಷ್ಟೋ ಪುಸ್ತಕಗಳ ಸ್ಕ್ಯಾನ್ ಪ್ರತಿ ಈಗ ಪುಕ್ಕಟೆ ಸಿಗುತ್ತದೆ. ಗ್ರಂಥಾಲಯದ ವಂಶಚರಿತ್ರೆ ವಿಭಾಗದಲ್ಲಿ ನನ್ನ ಬಳಿ ಬರುವವರು ಅಂಥದೊಂದು ಪುಟ ತೋರಿಸಿ, ‘ಇಲ್ಲಿಂದ ಹಿಂದಕ್ಕೆ ಹೋಗಬೇಕು’ ಎನ್ನುತ್ತಾರೆ. ನಾನು ಅವರನ್ನು ಆ ಪುಟದಲ್ಲೇ ಸ್ವಲ್ಪ ಹೊತ್ತು ನಿಲ್ಲಿಸುತ್ತೇನೆ. ಬರೆದವರಿಗೆ ಈ ಸಂಗತಿ ಹೇಗೆ ಗೊತ್ತಾಯಿತು?

ಈ ಪುಸ್ತಕಗಳು ಹುಟ್ಟಿದ ಕಾಲವನ್ನು ನೋಡಬೇಕು. ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ವಂಶಚರಿತ್ರೆಗೆಂದೇ ಬಾಸ್ಟನ್‌ನಲ್ಲಿ ಒಂದು ಸಂಘ 1845ರಲ್ಲಿ ಶುರುವಾಯಿತು. ಅದರ ತ್ರೈಮಾಸಿಕ 1847ರಿಂದ ಬರುತ್ತಿದೆ. 1876ರಲ್ಲಿ ಸ್ವಾತಂತ್ರ್ಯಕ್ಕೆ ನೂರು ತುಂಬಿದಾಗ ಊರೂರಿನಲ್ಲೂ ಪೂರ್ವಿಕರ ನೆನಪು ಚಿಗುರಿತು. 1890ರಲ್ಲಿ ‘ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್’ ಎಂಬ ಮಹಿಳಾ ಸಂಘ ಹುಟ್ಟಿತು. ಅದರ ಸದಸ್ಯತ್ವ ಬೇಕೆಂದರೆ ಸ್ವಾತಂತ್ರ್ಯ ಯುದ್ಧಕ್ಕೆ ನೆರವಾದವರ ವಂಶದವರೆಂದು ತೋರಿಸಬೇಕಿತ್ತು. ಬೇಡಿಕೆ ಬಂದಮೇಲೆ ಮಾರುವವರೂ ಬಂದರು. ಕೌಂಟಿ ಇತಿಹಾಸಗಳನ್ನು ಎಷ್ಟೋ ಕಡೆ ಮುಂಗಡ ಚಂದಾ ಎತ್ತಿ ಅಚ್ಚುಹಾಕಿದರು. ಅವುಗಳಲ್ಲಿರುವ ಜೀವನಚಿತ್ರಗಳು ಬಹುಪಾಲು ಹಣ ಕೊಟ್ಟವರು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದು. ಸ್ವೀಡನ್‌ನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ ಗುಸ್ತಾವ್ ಆಂಜೂ ಇನ್ನೂ ಮುಂದೆ ಹೋದ. ನಿಜವಾದ ದಾಖಲೆಗಳ ನಡುವೆ ಸುಳ್ಳು ಕೊಂಡಿಗಳನ್ನು ಸೇರಿಸಿ, ಸಿರಿವಂತರಿಗೆ ಯುರೋಪಿನ ಗಣ್ಯ ಕುಲಗಳ ನಂಟು ಕಟ್ಟಿಕೊಟ್ಟು ದುಡಿದ. ಅವನು ತೀರಿಕೊಂಡದ್ದು 1942ರಲ್ಲಿ. ಅವನ ವಂಶಾವಳಿಗಳು ಇಂದಿಗೂ ಗ್ರಂಥಾಲಯಗಳಲ್ಲಿವೆ, ಅಲ್ಲಿಂದ ಅಂತರ್ಜಾಲದ ವಂಶವೃಕ್ಷಗಳಿಗೂ ಹಬ್ಬಿವೆ. ‘ಮೂವರು ಅಣ್ಣತಮ್ಮಂದಿರು ಹಡಗಿನಲ್ಲಿ ಬಂದರು, ಒಬ್ಬ ಉತ್ತರದಲ್ಲಿ ನಿಂತ, ಒಬ್ಬ ದಕ್ಷಿಣಕ್ಕೆ ಹೋದ, ಮೂರನೆಯವನ ಸುದ್ದಿ ಇಲ್ಲ’ ಎಂಬ ಕಥೆ ನೀವು ಓದುವ ಪುಸ್ತಕದಲ್ಲೂ ಇದ್ದರೆ ಅಲ್ಲಿಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟುಕೊಳ್ಳಿ. ಒಂದಕ್ಕೊಂದು ಸಂಬಂಧವಿಲ್ಲದ ಮನೆತನಗಳೆಲ್ಲ ಇದೇ ಕಥೆ ಹೇಳುತ್ತವೆ.

ಒಳ್ಳೆಯ ಕೆಲಸವೂ ನಡೆದಿದೆ, ಅದನ್ನು ಗೌರವದಿಂದಲೇ ಹೇಳಬೇಕು. ವಂಶಚರಿತ್ರೆಕಾರ ಡೊನಾಲ್ಡ್ ಲೈನ್ಸ್ ಜೇಕಬಸ್ 1922ರಲ್ಲಿ ವಂಶಚರಿತ್ರೆಯ ಪತ್ರಿಕೆ ಆರಂಭಿಸಿ, ತಂದೆ–ಮಗ ಎಂಬ ಒಂದೊಂದು ಸಂಬಂಧಕ್ಕೂ ಆಧಾರ ಕೇಳುವ ರೂಢಿ ಬೆಳೆಸಿದರು. ಮ್ಯಾಸಚೂಸೆಟ್ಸ್‌ನ ಎಷ್ಟೋ ಊರುಗಳ 1850ರವರೆಗಿನ ಜನನ, ಮದುವೆ, ಮರಣಗಳ ದಾಖಲೆ ಪುಸ್ತಕವಾಗಿ ಬಂದಿದೆ. ಆದರೂ ಅದು ಕೈಯಿಂದ ನಕಲು ಮಾಡಿದ್ದು, ಅಕ್ಷರಕ್ರಮಕ್ಕೆ ಮರುಜೋಡಿಸಿದ್ದು. ಮೂಲದಲ್ಲಿ ಅಕ್ಕಪಕ್ಕ ಇದ್ದ ಎರಡು ಹೆಸರು ಅಚ್ಚಿನಲ್ಲಿ ದೂರ ದೂರ ಹೋಗಿರುತ್ತವೆ. ಹಳೆಯ ತಾರೀಕುಗಳಲ್ಲೂ ಎಚ್ಚರ ಬೇಕು. 1752ಕ್ಕೆ ಮುಂಚೆ ಬ್ರಿಟಿಷ್ ವಸಾಹತುಗಳಲ್ಲಿ ವರ್ಷ ಮೊದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. 1720ರ ಏಪ್ರಿಲ್‌ನಲ್ಲಿ ಮದುವೆ, 1720ರ ಫೆಬ್ರುವರಿಯಲ್ಲಿ ಮಗು ಎಂದು ಕಂಡರೆ ಮಗು ಹುಟ್ಟಿದ್ದು ಮದುವೆಯಾಗಿ ಹತ್ತು ತಿಂಗಳಿಗೆ. ಇದು ತಿಳಿಯದೆ ಆ ಮಗುವಿಗೆ ಬೇರೆ ತಾಯಿಯನ್ನು ಹುಡುಕಿದವರಿದ್ದಾರೆ.

1890ರ ಜನಗಣತಿಯ ಹಾಳೆಗಳು 1921ರ ಬೆಂಕಿ ಅನಾಹುತದಿಂದಾಗಿ ಹೆಚ್ಚುಕಡಿಮೆ ಪೂರ್ತಿ ನಷ್ಟವಾದವು. ಹೀಗೆ 1880ರ ಗಣತಿಗೂ 1900ರ ಗಣತಿಗೂ ನಡುವೆ ಉಂಟಾದ ಇಪ್ಪತ್ತು ವರ್ಷದ ತೆರಪಿಗೆ ನಗರಗಳ ಡೈರೆಕ್ಟರಿಗಳು ಒಳ್ಳೆಯ ಆಸರೆ. ಒಂದು ವರ್ಷ ಗಂಡನ ಹೆಸರು, ಕಸುಬು, ವಿಳಾಸ. ಮುಂದಿನ ವರ್ಷ ಅದೇ ವಿಳಾಸದಲ್ಲಿ ‘ಇಂಥವರ ವಿಧವೆ’ ಎಂದು ಹೆಂಡತಿಯ ಹೆಸರು. ಸಾವಿನ ಕಾಲ ಅಲ್ಲೇ ಗೊತ್ತಾಗುತ್ತದೆ.

ಅಚ್ಚಾದದ್ದನ್ನೇ ನೆಚ್ಚಿದರೆ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವರು ಗುಲಾಮಗಿರಿಯಲ್ಲಿದ್ದವರ ವಂಶಸ್ಥರು. ಸ್ವತಂತ್ರರ ಹೆಸರನ್ನೆಲ್ಲ ಜನಗಣತಿ ಬರೆದುಕೊಂಡದ್ದು 1850ರಿಂದ. ಆ ಸಲವೂ 1860ರಲ್ಲೂ ಗುಲಾಮರಿಗೆ ಬೇರೆ ಪಟ್ಟಿ. ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಮೈಬಣ್ಣ, ಅಷ್ಟೇ. ಬಿಡುಗಡೆಯಾದವರೆಲ್ಲರ ಹೆಸರು ಜನಗಣತಿಗೆ ಬಂದದ್ದು 1870ರಲ್ಲಿ. ಅದಕ್ಕೂ ಹಿಂದಕ್ಕೆ ಹೋಗಬೇಕಾದರೆ ಒಡೆಯನ ಉಯಿಲು, ಆಸ್ತಿಪಟ್ಟಿ, ಕ್ರಯಪತ್ರಗಳನ್ನು ನೋಡಬೇಕು. ಉಯಿಲುಗಳ ಸಾರಾಂಶಗಳೂ ಪುಸ್ತಕವಾಗಿ ಬಂದಿವೆ. ಆದರೆ ಹಳೆಯ ಸಾರಾಂಶಗಳಲ್ಲಿ ಹಲವು ಜಮೀನು ಯಾವ ಮಗನಿಗೆ, ಕುದುರೆ ಯಾವ ಅಳಿಯನಿಗೆ ಎಂದು ಬರೆದು, ಹಂಚಿಹೋದ ಮನುಷ್ಯರ ಹೆಸರುಗಳನ್ನು ಬಿಟ್ಟುಬಿಟ್ಟಿವೆ. ಮೂಲದ ಉಯಿಲಿನಲ್ಲಿ ತಾಯಿಯ ಹೆಸರು, ಅವಳ ಮಕ್ಕಳ ಹೆಸರು, ಯಾರು ಯಾರ ಪಾಲಿಗೆ ಹೋದರು ಎಂಬುದು ಎಷ್ಟೋ ಸಲ ಇರುತ್ತದೆ. ನನಗೆ ಈ ಕೆಲಸದಲ್ಲಿ ಅತ್ಯಂತ ನೋವು ಕೊಡುವುದು ಇದು: ದಾಖಲೆಯಲ್ಲಿ ಉಳಿದುಕೊಂಡವರನ್ನು ನಕಲುಗಾರರು ಎರಡನೆಯ ಸಲ ಅಳಿಸಿದರು.

ಹಾಗಾಗಿ ಸಾರಾಂಶದಿಂದ ನ್ಯಾಯಾಲಯದ ಉಯಿಲು ಪುಸ್ತಕದ ಸಂಖ್ಯೆ, ಪುಟ ಇಷ್ಟನ್ನು ಮಾತ್ರ ತೆಗೆದುಕೊಳ್ಳಿ. ಆ ಪುಟದ ಚಿತ್ರ ಫ್ಯಾಮಿಲಿಸರ್ಚ್ ಎಂಬ ವಂಶಚರಿತ್ರೆಯ ಜಾಲತಾಣದಲ್ಲಿದೆಯೇ ನೋಡಿ. ಇಲ್ಲದಿದ್ದರೆ ಕೌಂಟಿ ನ್ಯಾಯಾಲಯಕ್ಕೋ ರಾಜ್ಯದ ದಾಖಲಾತಿ ಭಂಡಾರಕ್ಕೋ ಬರೆಯಿರಿ. ಜೊತೆಗೆ ಬಿಡುಗಡೆಯಾದ ಗುಲಾಮರಿಗೆಂದು 1865ರಿಂದ 1874ರವರೆಗೆ ನಡೆದ ಫ್ರೀಡ್‌ಮನ್ಸ್ ಬ್ಯಾಂಕಿನ ಖಾತೆ ಪುಸ್ತಕಗಳನ್ನೂ ತೆರೆಯಿರಿ. ಖಾತೆ ಮಾಡಿಸಿದವರ ತಂದೆ ತಾಯಿ, ಒಡಹುಟ್ಟಿದವರು, ಮಕ್ಕಳು, ಕೆಲವೆಡೆ ಹಿಂದಿನ ಒಡೆಯನ ಹೆಸರು ಕೂಡ ಅಲ್ಲಿ ದಾಖಲಾಗಿದೆ, ಅದೂ ಅವರ ಬಾಯಿಂದಲೇ ಕೇಳಿ ಬರೆದುಕೊಂಡದ್ದು. ಒಡೆಯನ ಹೆಸರು ಅಲ್ಲಿ ಸಿಕ್ಕರೆ, ಹುಡುಕಬೇಕಾದ ಉಯಿಲು ಯಾರದು ಎಂಬುದೂ ಸಿಕ್ಕಿತು.